‘ನಾಳೆ ಬಾ’ ಅಂದರೆ ಯಾವ ನಾಳೆ?

(ಕಲಿಕಾ ಕೇಂದ್ರದ ಸಂಜೆ ಸಭೆಯಲ್ಲಿ ಸ್ವಯಂಸೇವಕರು ಆಡಿದ ಮಾತು)



ಇವತ್ತು ಪಾಠ ಇಲ್ಲ. ಸ್ಲೇಟು, ಪುಸ್ತಕ ಪಕ್ಕಕ್ಕಿಡಿ. ಒಂದಿಷ್ಟು ಮಾತಾಡೋಣ. ಮಾತು ಸ್ವಲ್ಪ ಕಹಿಯಾಗಿದೆ. ಆದರೂ ಕೇಳಿ.

ನಾವು ಮೂರು ಜನ ವಾರದಲ್ಲಿ ನಾಲ್ಕು ಸಂಜೆ ಇಲ್ಲಿಗೆ ಬರುತ್ತೇವೆ. ಭಾನುವಾರ ಎಲ್ಲಿಗೆ ಹೋಗುತ್ತೇವೆ ಗೊತ್ತೇ? ಜೈಲಿಗೆ. ಯಾಕೆ ನಗುತ್ತೀರಿ? ಪಾಠ ಹೇಳಲಿಕ್ಕೆ ಹೋಗುತ್ತೇವೆ. ಅಲ್ಲಿಯೂ ನಿಮ್ಮ ಹಾಗೆ ಅಕ್ಷರ ಕಲಿಯುವವರಿದ್ದಾರೆ. ಅವರಿಗೂ ‘ಳ’ ಬರೆಯುವಾಗ ಕೈ ನಡುಗುತ್ತದೆ. ತಮ್ಮ ಹೆಸರು ತಾವೇ ಬರೆದ ದಿನ ಆ ಹಾಳೆಯನ್ನು ಮಡಿಚಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ.

ಅಲ್ಲಿ ಕಲಿತ ಒಬ್ಬರ ಕತೆ ಹೇಳುತ್ತೇವೆ. ನಮ್ಮ ಮಂಡ್ಯ ಸೀಮೆಯವರೇ. ಯಾರು ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಈ ಮಾತು ಅಚ್ಚಾಗಿ ಬೇರೆ ಊರುಗಳಿಗೂ ಹೋಗುತ್ತದೆ. ಅದಕ್ಕೆ ಹೆಸರು ಹೇಳೋದಿಲ್ಲ. ಅವರನ್ನು ಕೇಳಿಯೇ ಹೇಳುತ್ತಿದ್ದೇವೆ. ಇವತ್ತು ಅವರು ಸಭೆಗೆ ಬಂದಿಲ್ಲ. “ನಾನು ಕೂತಿದ್ರೆ ಅವರೂ ಬಾಯಿ ಬಿಡಲ್ಲ, ನೀವೂ ಬಿಡಲ್ಲ” ಅಂದರು. ಅದು ನಿಜ.

ಸುಮಾರು ಹತ್ತು ವರ್ಷದ ಹಿಂದೆ ನಡೆದದ್ದು. ಬೇಸಿಗೆ. ನಾಲೆಯಲ್ಲಿ ನೀರು ಕಮ್ಮಿ. ರಾತ್ರಿ ಗದ್ದೆಗೆ ನೀರು ಕಟ್ಟುವಾಗ ಜಗಳ ಆಯಿತು. ಮಾತಿಗೆ ಮಾತು ಬೆಳೆಯಿತು. ಕೈಯಲ್ಲಿ ಗುದ್ದಲಿ ಇತ್ತು. ಒಂದೇ ಏಟು. ಪಕ್ಕದ ಊರಿನ ಒಬ್ಬ ಹುಡುಗ ಸತ್ತ. ನಮ್ಮ ಅಣ್ಣನಿಗೆ 7 ವರ್ಷ ಕಠಿಣ ಶಿಕ್ಷೆ ಆಯಿತು.

ಜೈಲಿಗೆ ಹೋದಾಗ ಅವರು ಹೆಬ್ಬೆಟ್ಟು. ಎರಡನೇ ವರ್ಷ ನಮ್ಮ ತರಗತಿಗೆ ಬಂದು ಕೂತರು. ಹಗಲು ಮರಗೆಲಸದ ಶೆಡ್ಡಿನಲ್ಲಿ ಕೆಲಸ, ಬಿಡುವಿನಲ್ಲಿ ಓದು. ಉಜ್ಜುಗೊರಡು ಹಿಡಿಯೋದು, ಉಳಿ ಮಸೆಯೋದು, ಬಾಗಿಲ ಚೌಕಟ್ಟು ಕೂಡಿಸೋದು, ಕುರ್ಚಿ ಮಾಡೋದು, ಎಲ್ಲ ಅಲ್ಲೇ ಕಲಿತರು. ಒಂದು ದಿನ ಕಾರ್ಡು ಕೇಳಿ ಪಡೆದು ಅವ್ವನಿಗೆ ಬರೆದರು. “ಅವ್ವ, ಇದು ನಾನೇ ಬರೆದದ್ದು. ನನಗೆ ಮರದ ಕೆಲಸ ಬರುತ್ತದೆ. ಬಂದ ಮೇಲೆ ದುಡಿದು ಹಾಕುತ್ತೇನೆ.” ಅಷ್ಟೇ ಇತ್ತು. ಅವ್ವನಿಗೆ ಓದು ಬಾರದು. ಪಕ್ಕದ ಮನೆ ಹುಡುಗಿ ಓದಿ ಹೇಳಿದಳು. ಆ ಕಾರ್ಡು ಇವತ್ತೂ ಅವರ ಮನೆ ಗೋಡೆಯ ಗೂಡಿನಲ್ಲಿದೆ. ನಾವು ನೋಡಿದ್ದೇವೆ.

ಹೋದ ವರ್ಷದ ಹಿಂದಿನ ವರ್ಷ ದಸರಾ ಕಳೆದ ಮೇಲೆ ಅವರು ಬಿಡುಗಡೆಯಾಗಿ ಬಂದರು. ಅವತ್ತಿನಿಂದ ಶುರುವಾಯಿತು ನೋಡಿ ಇನ್ನೊಂದು ಶಿಕ್ಷೆ.

ಮೊದಲು ಒಂದು ಆಲೆಮನೆಗೆ ಹೋದರು. ಯಜಮಾನರು ಒಳ್ಳೆಯವರು. “ನಂಗೇನೂ ಇಲ್ಲ ಕಣಪ್ಪ. ಮಿಕ್ಕ ಆಳುಗಳು ಏನಂತಾರೋ. ನಾಳೆ ಬಾ, ನೋಡೋಣ” ಅಂದರು. ಪೇಟೆಯಲ್ಲಿ ಮರದ ಅಂಗಡಿಗೆ ಹೋದರು. ಅಂಗಡಿಯವರು ಒಂದು ಹಲಗೆ ಕೊಟ್ಟು ಕೆಲಸ ನೋಡಿದರು. “ಕೈ ಚೆನ್ನಾಗೈತೆ. ಆದ್ರೆ ಮನೆ ಮನೆ ಒಳಕ್ಕೆ ಹೋಗೋ ಕೆಲಸ. ಹೆಂಗಸರು ಮಕ್ಕಳು ಇರ್ತಾರೆ. ನಾಳೆ ಬಾ” ಅಂದರು. ಹೋಟೆಲಿನಲ್ಲಿ ನೀರು ತುಂಬುವ ಕೆಲಸ ಕೇಳಿದರು. ಅಲ್ಲಿಯೂ ನಾಳೆ ಬಾ. ಇಟ್ಟಿಗೆ ಗೂಡಿನವರು ಮಾತ್ರ ಕೂಡಲೇ ಒಪ್ಪಿದರು. ಯಾಕೆ ಗೊತ್ತೇ? “ಅರ್ಧ ಕೂಲಿಗೆ ಬರ್ತೀಯಾ?” ಅಂತ ಕೇಳಿದರು. ಇವನಿಗೆ ಬೇರೆ ಯಾರು ಕೆಲಸ ಕೊಡ್ತಾರೆ ಅನ್ನೋ ಧೈರ್ಯ ಅವರಿಗೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇವೆ. ಜೈಲಿಗೆ ಹೋಗಿ ಬಂದವರಿಗೆ ಅಂತ ಕನಿಷ್ಠ ಕೂಲಿಯಲ್ಲಿ ಬೇರೆ ದರ ಇಲ್ಲ. ಎಲ್ಲರಿಗೂ ಇರುವ ಕೂಲಿಯೇ ಅವರಿಗೂ. ಜೈಲಿನ ಒಳಗೆ ಮಾಡುವ ಕೆಲಸಕ್ಕೂ ಕೂಲಿ ಉಂಟು. ಕಠಿಣ ಶಿಕ್ಷೆಯವರಿಂದ ಕೆಲಸ ಮಾಡಿಸಿದರೆ ನ್ಯಾಯವಾದ ಕೂಲಿ ಕೊಡಬೇಕು ಅಂತ ಸುಪ್ರೀಂ ಕೋರ್ಟು 1998ರಲ್ಲೇ ಹೇಳಿದೆ. ಗೋಡೆಯ ಒಳಗೇ ಪುಕ್ಕಟೆ ದುಡಿಸಬಾರದು ಅಂದ ಮೇಲೆ ಹೊರಗೆ ಅರ್ಧ ಕೂಲಿಗೆ ದುಡಿಸೋದು ಯಾವ ನ್ಯಾಯ? ನೀವೇ ಹೇಳಿ.

ಈಗ ‘ನಾಳೆ ಬಾ’ ವಿಷಯ. ನಿಮಗೆ ನೆನಪಿದೆಯೇ? ಹಿಂದೆ ನಮ್ಮ ಊರುಗಳಲ್ಲಿ ಬಾಗಿಲ ಮೇಲೆ, ಗೋಡೆ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದಂತೆ. ಬರೆದದ್ದು ಓದಿ ಹಿಂದಕ್ಕೆ ಹೋಗುತ್ತದಂತೆ. ಮಾರನೇ ದಿನ ಬಂದರೆ ಮತ್ತೆ ‘ನಾಳೆ ಬಾ’. (ನಮ್ಮೂರಲ್ಲಿ ಜನಕ್ಕಿಂತ ಮುಂಚೆ ದೆವ್ವಕ್ಕೇ ಓದು ಬರುತ್ತಿತ್ತು ಅಂತ ನಾವು ಸಾಕ್ಷರತಾ ಜಾಥಾದಲ್ಲಿ ತಮಾಷೆ ಮಾಡುತ್ತಿದ್ದೆವು.) ಬದುಕಿರುವ ಮನುಷ್ಯನಿಗೂ ನಾವು ಅದನ್ನೇ ಹೇಳುತ್ತಿದ್ದೇವಲ್ಲ! ಇಲ್ಲ ಅಂದುಬಿಟ್ಟರೆ ಅವನು ಬೇರೆ ಕಡೆ ಹೋಗುತ್ತಾನೆ. ನಾಳೆ ಬಾ ಅಂದರೆ ನಾಳೆಯೂ ಬರುತ್ತಾನೆ, ನಾಡಿದ್ದೂ ಬರುತ್ತಾನೆ. ನಮ್ಮ ಅಣ್ಣ ಆ ಆಲೆಮನೆಗೆ ಒಂಬತ್ತು ಸಲ ಹೋದರು.

ಬೇರೆಯವರನ್ನು ದೂರುವುದು ಸುಲಭ. ನಾವೇನು ಮಾಡಿದೆವು, ಅದನ್ನೂ ಹೇಳಬೇಕು.

ಅವರು ಈ ಕೇಂದ್ರಕ್ಕೆ ಓದಲಿಕ್ಕೆ ಬರುತ್ತಿದ್ದರು. ಮೂಲೆಯಲ್ಲಿ ಕೂತು ಪೇಪರು ಓದುತ್ತಿದ್ದರು. ಒಂದು ಸಂಜೆ ನಮಗೆ ಬೇಗ ಹೊರಡಬೇಕಿತ್ತು. ಬಸ್ಸು ತಪ್ಪುತ್ತಿತ್ತು. ಅವರು ಅಂದರು, “ಮೇಷ್ಟ್ರೇ, ಬೀಗದ ಕೈ ಕೊಟ್ಟು ಹೋಗಿ. ಇನ್ನೆರಡು ಪುಟ ಓದಿ ಬೀಗ ಹಾಕ್ತೀನಿ. ಬೆಳಿಗ್ಗೆ ಕೊಡ್ತೀನಿ.” ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಂದು ಗಳಿಗೆ ಅಷ್ಟೇ. ಆಮೇಲೆ ನಮ್ಮಲ್ಲೊಬ್ಬರು, “ಬೇಡ ಬಿಡಿ, ನಿಮಗ್ಯಾಕೆ ತೊಂದ್ರೆ, ನಾವೇ ಹಾಕ್ಕೊಂಡು ಹೋಗ್ತೀವಿ” ಅಂದೆವು. ಅವರು “ಸರಿ ಮೇಷ್ಟ್ರೇ” ಅಂದರು. ಪೇಪರು ಮಡಿಚಿ ಇಟ್ಟು ಹೋದರು.

ಈ ಬೀರುವಿನಲ್ಲಿ ಏನಿದೆ? ನೀವೇ ನೋಡಿದ್ದೀರಿ. ಇಪ್ಪತ್ತು ಸ್ಲೇಟು, ಬಳಪದ ಡಬ್ಬಿ, ಮೂಲೆ ಮಡಿಚಿದ ಪುಸ್ತಕಗಳು. ಕದಿಯಲಿಕ್ಕೆ ಏನಿದೆ ಅದರಲ್ಲಿ? ಮೇಲಾಗಿ ಅವರು ಕಳ್ಳತನದ ಮೇಲೆ ಜೈಲಿಗೆ ಹೋದವರೇ ಅಲ್ಲ. ಹಾಗಿದ್ದರೂ ನಮ್ಮ ಕೈ ಹಿಂದಕ್ಕೆ ಹೋಯಿತು. ನಾಲ್ಕು ವರ್ಷ ಪ್ರತಿ ಭಾನುವಾರ ಅವರ ಜತೆ ಕೂತು ಪಾಠ ಹೇಳಿದವರು ನಾವು! ಜೈಲಿನ ಒಳಗೆ ನಮಗೆ ಅವರ ಭಯ ಇರಲಿಲ್ಲ. ಹೊರಗೆ ಬಂದ ಮೇಲೆ ಬಂತು. ಆಲೆಮನೆ ಯಜಮಾನರಿಗೂ ನಮಗೂ ಏನು ವ್ಯತ್ಯಾಸ?

ಅವರು ಮತ್ತೆ ಕೇಂದ್ರಕ್ಕೆ ಬರಲಿಲ್ಲ. ನಾವು ಮನೆಗೆ ಹೋಗುವ ಹೊತ್ತಿಗೆ ಅವರು ಬೆಂಗಳೂರು ಬಸ್ಸು ಹತ್ತಿ ಆಗಿತ್ತು.

ಬೆಂಗಳೂರಿನಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ. ಅದು ಒಳ್ಳೆಯದು ಅಂತ ಅವರಿಗೆ ಅನ್ನಿಸಿತು. ಒಂದು ದೊಡ್ಡ ಕಟ್ಟಡದಲ್ಲಿ ಕಾವಲು ಕೆಲಸ ಸಿಕ್ಕಿತು. ಸೇರುವಾಗ ಒಂದು ಫಾರಂ ಕೊಟ್ಟರು. ಅದರಲ್ಲಿ ಒಂದು ಪ್ರಶ್ನೆ: ‘ನಿಮ್ಮ ಮೇಲೆ ಯಾವುದಾದರೂ ಕೇಸು ಆಗಿತ್ತೇ? ಶಿಕ್ಷೆ ಆಗಿತ್ತೇ?’ ಅವರು ತಾವೇ ಓದಿದರು. ತಾವೇ ‘ಇಲ್ಲ’ ಅಂತ ಬರೆದರು. ಹೆಬ್ಬೆಟ್ಟಿನ ಕಾಲದಲ್ಲಾದರೆ ಯಾರೋ ಬರೆದರು, ನನಗೆ ಗೊತ್ತಿಲ್ಲ ಅನ್ನಬಹುದಿತ್ತು. ಎರಡು ತಿಂಗಳಾದ ಮೇಲೆ ಪೊಲೀಸ್ ವಿಚಾರಣೆ ಬಂತು. ನಿಜ ಗೊತ್ತಾಯಿತು. ಅವತ್ತೇ ಕೆಲಸ ಹೋಯಿತು. ಕೆಲಸ ಮಾಡಿದ ತಿಂಗಳ ಸಂಬಳವೂ ಕೈಗೆ ಬರಲಿಲ್ಲ. ಕೇಳಲಿಕ್ಕೆ ಅವರಿಗೆ ಬಾಯಿ ಬರಲಿಲ್ಲ. ಕೆಲಸದಿಂದ ತೆಗೆದರೂ ದುಡಿದ ದಿನಗಳ ಸಂಬಳ ಕೊಡಲೇಬೇಕು. ಅದು ಆಗ ಅವರಿಗೆ ಗೊತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮ ಮನೆಯಲ್ಲಿ, ನಿಮ್ಮ ನೆಂಟರಲ್ಲಿ ಇಂಥವರು ಯಾರಾದರೂ ಇದ್ದರೆ ಈ ಭಾಗ ಅವರಿಗೆ ಓದಿ ಹೇಳಿ.

ಸುಪ್ರೀಂ ಕೋರ್ಟು 2016ರಲ್ಲಿ ಒಂದು ತೀರ್ಪು ಕೊಟ್ಟಿದೆ. ಅವತಾರ್ ಸಿಂಗ್ ಅನ್ನುವವರ ಕೇಸಿನ ತೀರ್ಪು ಅಂತ ಅದಕ್ಕೆ ಹೆಸರು. ಸರ್ಕಾರಿ ಕೆಲಸದ ವಿಷಯದಲ್ಲಿ ಬಂದ ತೀರ್ಪು. ಆದರೆ ಅದರಲ್ಲಿರುವ ಮಾತು ಎಲ್ಲರಿಗೂ ಉಪಯೋಗ. ಏನು ಹೇಳಿದೆ? ಫಾರಂನಲ್ಲಿ ಕೇಳಿದರೆ ನಿಜ ಬರೆಯಬೇಕು. ಕೇಸು ಇದ್ದರೆ ಇದೆ, ಶಿಕ್ಷೆ ಆಗಿದ್ದರೆ ಆಗಿದೆ, ಬಿಡುಗಡೆ ಆಗಿದ್ದರೆ ಅದನ್ನೂ ಬರೆಯಬೇಕು. ಸ್ಪಷ್ಟವಾಗಿ ಕೇಳದೇ ಇದ್ದುದನ್ನು ಬರೆಯಲಿಲ್ಲ ಅಂತ ಮುಚ್ಚಿಟ್ಟ ತಪ್ಪು ಹೊರಿಸುವ ಹಾಗಿಲ್ಲ. ಚಿಕ್ಕಪುಟ್ಟ ಕೇಸಾದರೆ, ಹುಡುಗಾಟದ ವಯಸ್ಸಿನಲ್ಲಿ ಕೂಗಾಡಿದ್ದು ಅಂಥದ್ದಾದರೆ, ಕೆಲಸ ಕೊಡುವವರು ಅದನ್ನು ಮನ್ನಿಸಬಹುದು. ಆದರೆ ನಿಜ ಬರೆದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತ ಇಲ್ಲ. ಯೋಚನೆ ಮಾಡಿ ತೀರ್ಮಾನಿಸುವ ಹಕ್ಕು ಅವರಿಗೆ ಇದೆ. ಇದನ್ನು ನಾವು ಮುಚ್ಚಿ ಹೇಳೋದಿಲ್ಲ. ನಿಜ ಬರೆದರೂ ಕೆಲಸ ಸಿಗದೇ ಹೋಗಬಹುದು. ಸುಳ್ಳು ಬರೆದರೆ ಸಿಕ್ಕಿದ್ದೂ ಹೋಗುತ್ತದೆ, ಜತೆಗೆ ಸುಳ್ಳುಗಾರ ಅನ್ನುವ ಹೆಸರು ಬೇರೆ.

ಇನ್ನೂ ಎರಡು ಕಾನೂನು ತಿಳಿದಿರಿ. ಮೊದಲ ಸಲ ತಪ್ಪು ಮಾಡಿದವರನ್ನು ಕೋರ್ಟು ಕೆಲವು ಸಲ ಜೈಲಿಗೆ ಕಳಿಸದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತದೆ. ಅದಕ್ಕೆ 1958ರ ಪ್ರೊಬೇಷನ್ ಕಾನೂನು ಇದೆ. ಹಾಗೆ ಬಿಟ್ಟವರಿಗೆ ಆ ಶಿಕ್ಷೆಯ ಕಾರಣಕ್ಕೇ ಬರುವ ಅನರ್ಹತೆ ತಟ್ಟಬಾರದು ಅಂತ ಅದೇ ಕಾನೂನಿನಲ್ಲಿದೆ. ಇನ್ನು ಮಕ್ಕಳ ವಿಷಯ. 18 ವರ್ಷದ ಒಳಗಿನ ಹುಡುಗ ತಪ್ಪು ಮಾಡಿ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗಿದ್ದರೆ, ತೀರಾ ಘೋರ ಅಪರಾಧದ ಕೆಲವು ಸಂದರ್ಭ ಬಿಟ್ಟು, ಅದು ಅವನ ಮುಂದಿನ ಬದುಕಿಗೆ ಅಡ್ಡ ಬರಬಾರದು. ಇದು 2015ರ ಕಾನೂನು. ಮೀಸೆ ಮೂಡುವ ಮುಂಚೆ ಮಾಡಿದ್ದನ್ನು ನಲವತ್ತು ವರ್ಷವಾದರೂ ಎತ್ತಿ ಆಡುವವರು ನಮ್ಮಲ್ಲಿದ್ದಾರೆ. ಅವರಿಗೆ ಇದನ್ನು ಹೇಳಿ.

2011ರಲ್ಲಿ ದೆಹಲಿಯ ಒಬ್ಬ ಯುವಕನ ಪೊಲೀಸ್ ಕೆಲಸದ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಒಂದು ಕತೆ ನೆನಪು ಮಾಡಿಕೊಂಡರು. ಫ್ರಾನ್ಸ್ ದೇಶದ ವಿಕ್ಟರ್ ಹ್ಯೂಗೋ 1862ರಲ್ಲಿ ಬರೆದ ದೊಡ್ಡ ಕಾದಂಬರಿಯಲ್ಲಿ ಬರುವ ಜೀನ್ ವಾಲ್ಜೀನನ ಕತೆ. ಅಕ್ಕನ ಮಕ್ಕಳ ಹಸಿವು ನೋಡಲಾರದೆ ಅವನು ಒಂದು ರೊಟ್ಟಿ ಕದ್ದ. ಅದಕ್ಕೆ ಶಿಕ್ಷೆ ಆಯಿತು. ತಪ್ಪಿಸಿಕೊಳ್ಳಲು ನೋಡಿದ್ದಕ್ಕೆ ಇನ್ನಷ್ಟು ಆಯಿತು. ಎಲ್ಲ ಸೇರಿ 19 ವರ್ಷ. ಬಿಡುವಾಗ ಕೈಗೆ ಒಂದು ಹಳದಿ ಕಾಗದ ಕೊಟ್ಟರು. ಹೋದ ಹೋದ ಊರಲ್ಲಿ ಅದನ್ನು ತೋರಿಸಬೇಕು. ತೋರಿಸಿದ ಕೂಡಲೇ ಛತ್ರದವನು ಊಟ ಕೊಡಲ್ಲ ಅಂದ. ಕೂಲಿ ಕೊಡುವವನು ಅರ್ಧ ಕೂಲಿ ಕೊಟ್ಟ. ಕಡೆಗೆ ನಾಯಿಗೂಡಿನಲ್ಲಿ ಮಲಗಲು ಹೋದರೆ ನಾಯಿಯೂ ಓಡಿಸಿತು.

ಅರ್ಧ ಕೂಲಿ ಅಂದೆವಲ್ಲ, ಕೇಳಿಸಿತೇ? ಅದು ನೂರೈವತ್ತು ವರ್ಷಕ್ಕೂ ಹಿಂದಿನ ಫ್ರಾನ್ಸಿನ ಕತೆ. ನಮ್ಮ ಇಟ್ಟಿಗೆ ಗೂಡಿನವರು ಅದನ್ನು ಓದಿರಲಿಕ್ಕಿಲ್ಲ. ನಮ್ಮಲ್ಲಿ ಹಳದಿ ಕಾಗದ ಇಲ್ಲ. ಬೇಕಾಗಿಯೂ ಇಲ್ಲ. ಬಸ್ಸಿಗಿಂತ ಮುಂಚೆ ಸುದ್ದಿ ಹೋಗುತ್ತದೆ.

ಈಗ ಒಂದು ಲೆಕ್ಕ ಕೇಳಿ. ಜೈಲಿನಲ್ಲಿರುವವರೆಲ್ಲ ತಪ್ಪು ಮಾಡಿದವರು ಅಂತ ನಾವು ತಿಳಿಯುತ್ತೇವೆ. 2022ರ ಕೊನೆಯಲ್ಲಿ ನಮ್ಮ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅದರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ಇನ್ನೂ ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ, ತೀರ್ಪು ಆಗಿಲ್ಲ. 100 ಜನರಲ್ಲಿ ಸುಮಾರು 76 ಜನ ಇಂಥವರು. ಇವರಲ್ಲಿ ಎಷ್ಟೋ ಜನ ಕಡೆಗೆ ನಿರಪರಾಧಿ ಅಂತ ಹೊರಗೆ ಬರುತ್ತಾರೆ. ಬಂದರೂ ಊರ ಬಾಯಲ್ಲಿ ‘ಜೈಲಿಗೆ ಹೋಗಿ ಬಂದವನು’.

ಒಬ್ಬ ಅಕ್ಕನ ವಿಷಯ ಹೇಳುತ್ತೇವೆ. ಮನೆಯಲ್ಲಿ ಒಂದು ಸಾವಾಗಿ ಇಡೀ ಸಂಸಾರದ ಮೇಲೆ ಕೇಸು ಬಿತ್ತು. ಜಾಮೀನು ಕೊಡುವವರಿಲ್ಲದೆ ಈಕೆ ಎರಡು ವರ್ಷದ ಮೇಲೆ ಜೈಲಿನಲ್ಲಿದ್ದರು. ಆಮೇಲೆ ಕೋರ್ಟು ಈಕೆಯದು ತಪ್ಪಿಲ್ಲ ಅಂತ ಬಿಟ್ಟಿತು. ಗಂಡನ ಮನೆಗೆ ಹೋದರು. ಬಾಗಿಲು ತೆಗೆಯಲಿಲ್ಲ. ತವರಿಗೆ ಬಂದರು. ಗಂಡಸು ಜೈಲಿನಿಂದ ಬಂದರೆ ಅವ್ವನಾದರೂ ಬಿಸಿನೀರು ಕಾಯಿಸಿ ಒಳಗೆ ಕರೆಯುತ್ತಾಳೆ. ಹೆಂಗಸಿಗೆ ಅದೂ ಕಷ್ಟ. ಈಕೆಯ ತಾಯಿ ಗಟ್ಟಿಗಿತ್ತಿ, ಕರೆದುಕೊಂಡರು.

ಈಕೆಗೆ ಹೊಲಿಗೆ ಬರುತ್ತಿತ್ತು. ಜೈಲಿನಲ್ಲೇ ಕಲಿತದ್ದು. ಸ್ತ್ರೀಶಕ್ತಿ ಸಂಘದವರ ಹತ್ತಿರ ಹೊಲಿಗೆ ಯಂತ್ರಕ್ಕೆ ಸಾಲ ಕೇಳಿದರು. ಸಂಘದ ಅಕ್ಕಂದಿರು ಮೂರು ವಾರ ಚರ್ಚೆ ಮಾಡಿದರು. ಕೊಟ್ಟರೆ ಏನಂತಾರೋ, ಕೊಡದಿದ್ದರೆ ಪಾಪ. ಕಡೆಗೆ ತಾಯಿಯ ಹೆಸರಿಗೆ ಕೊಟ್ಟರು. ಯಂತ್ರ ಬಂತು. ಆದರೆ ಬಟ್ಟೆ ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬರಲಿಕ್ಕೆ ಶುರು ಮಾಡಿದರು. ಯಾವಾಗ? ಕತ್ತಲಾದ ಮೇಲೆ. ಸೆರಗಿನ ಒಳಗೆ ರವಿಕೆ ಬಟ್ಟೆ ಮುಚ್ಚಿಕೊಂಡು ಬರುವುದು, ಅಳತೆ ಕೊಟ್ಟು ಹಿತ್ತಲ ಬಾಗಿಲಿನಿಂದ ಹೋಗುವುದು. ಹೊಲಿಗೆ ಚೆನ್ನಾಗಿರಬೇಕು, ಕೂಲಿಯೂ ಕಮ್ಮಿ ಇರಬೇಕು, ಯಾರೂ ನೋಡಬಾರದು! ಆ ಅಕ್ಕ ನಗುತ್ತಾ ಹೇಳುತ್ತಾರೆ, “ಹೊಲಿಯೋಳು ನಾನು, ಕದ್ದು ಓಡಾಡೋರು ಅವರು.” ಈಗ ಹಗಲಲ್ಲೇ ಬರುತ್ತಾರಂತೆ. ಗೌರಿ ಹಬ್ಬಕ್ಕೆ ಮುಂಚೆ ಹೋದರೆ ನಿಮ್ಮ ಬಟ್ಟೆ ಸಿಗೋದು ಅನುಮಾನ, ಅಷ್ಟು ಕೆಲಸ. ಅದಕ್ಕೆ ಎರಡು ವರ್ಷ ಬೇಕಾಯಿತು.

ಒಂದು ಸಲ ಹಚ್ಚಿದ ಮಸಿ ತೊಳೆಯೋದು ಎಷ್ಟು ಕಷ್ಟ ಅನ್ನೋದಕ್ಕೆ ಹಳೆಯ ಒಂದು ವಿಷಯ ಇದೆ. ಬ್ರಿಟಿಷರು 1871ರಲ್ಲಿ ಒಂದು ಕಾನೂನು ಮಾಡಿದರು. ಕೆಲವು ಜಾತಿಗಳ ಜನ ಹುಟ್ಟುತ್ತಲೇ ಅಪರಾಧಿಗಳು ಅಂತ ಅದರ ಅರ್ಥ! ಮುಂದೆ ಉತ್ತರ ಕರ್ನಾಟಕದಲ್ಲಿ ಹುಬ್ಬಳ್ಳಿ, ಗದಗದಂಥ ಊರುಗಳಲ್ಲಿ ಸೆಟ್ಲಮೆಂಟು ಅಂತ ಮಾಡಿ ಅಂಥವರನ್ನು ಕೂಡಿಹಾಕಿದರು. 1952ರಲ್ಲಿ ಆ ಕಾನೂನು ಹೋಯಿತು. ಎಪ್ಪತ್ತು ವರ್ಷದ ಮೇಲಾಯಿತು. ಆದರೆ 2024ರಲ್ಲೂ ಸುಪ್ರೀಂ ಕೋರ್ಟು ಹೇಳಬೇಕಾಯಿತು, ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚಬೇಡಿ, ಈ ಜನರನ್ನು ಹುಟ್ಟು ಕಳ್ಳರು ಅನ್ನುವ ಹಾಗೆ ನೋಡಬೇಡಿ ಅಂತ. ಕಾನೂನು ಹೋಗುತ್ತದೆ, ನಮ್ಮ ಕಣ್ಣು ಹಾಗೇ ಉಳಿಯುತ್ತದೆ.

ಬೇರೆ ಥರ ನೋಡಿದವರೂ ಇದ್ದಾರೆ. ಹಿರಿಯರಲ್ಲಿ ಕೆಲವರು ಟೂರಿಂಗ್ ಟಾಕೀಸಿನಲ್ಲಿ ‘ದೋ ಆಂಖೇಂ ಬಾರಹ್ ಹಾಥ್’ ಸಿನಿಮಾ ನೋಡಿರಬಹುದು. ವಿ. ಶಾಂತಾರಾಮ್ ಅವರು 1957ರಲ್ಲಿ ತೆಗೆದದ್ದು. ಒಬ್ಬ ಜೈಲು ಅಧಿಕಾರಿ ಆರು ಜನ ಕೈದಿಗಳನ್ನು ಕರೆದುಕೊಂಡು ಹೋಗಿ ಪಾಳುಭೂಮಿಯಲ್ಲಿ ಬೇಸಾಯ ಮಾಡಿಸುತ್ತಾನೆ. ಅದು ಬರೀ ಕಲ್ಪನೆಯಲ್ಲ. ಮಹಾರಾಷ್ಟ್ರದ ಔಂಧ್ ಸಂಸ್ಥಾನದಲ್ಲಿ ನಡೆದ ಬಯಲು ಜೈಲಿನ ಪ್ರಯೋಗದಿಂದ ಹುಟ್ಟಿದ ಕತೆ.

ಬಯಲು ಜೈಲು ಅಂದರೆ ಏನು? ಎತ್ತರದ ಗೋಡೆ ಇಲ್ಲದ ಜೈಲು. ರಾಜಸ್ಥಾನದಲ್ಲಿ ಜೈಪುರದ ಹತ್ತಿರ ಸಾಂಗಾನೇರ್ ಅಂತ ಊರಿದೆ. ಅಲ್ಲಿ 1963ರಿಂದ ಇಂಥದೊಂದು ಇದೆ. ಶಿಕ್ಷೆಯ ಒಂದು ಭಾಗ ಮುಗಿಸಿದವರನ್ನು ಅಲ್ಲಿಗೆ ಕಳಿಸುತ್ತಾರೆ. ಹೆಂಡತಿ ಮಕ್ಕಳ ಜತೆ ಅಲ್ಲೇ ಇರುತ್ತಾರೆ. ಬೆಳಿಗ್ಗೆ ಹೊರಗೆ ಹೋಗಿ ತಾವೇ ಕೆಲಸ ಹುಡುಕಿ ದುಡಿಯುತ್ತಾರೆ. ಸಂಜೆ ಹಾಜರಿಗೆ ವಾಪಸು ಬರುತ್ತಾರೆ. ಇದರಿಂದ ಏನು ಲಾಭ? ಬಿಡುಗಡೆಯ ದಿನ ಅವನು ಕೆಲಸ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಕೆಲಸ ಆಗಲೇ ಇದೆ, ಯಜಮಾನನಿಗೆ ಅವನ ಗುಣ ಆಗಲೇ ಗೊತ್ತಿದೆ. ನಮ್ಮ ರಾಜ್ಯದಲ್ಲೂ ದೇವನಹಳ್ಳಿ ಕಡೆ ಕೋರಮಂಗಲದಲ್ಲಿ ಒಂದು ಬಯಲು ಜೈಲಿದೆ, ಚಿಕ್ಕದು. ಇಂಥವು ಇನ್ನೂ ಬೇಕು ಅಂತ ನಮ್ಮ ಅಭಿಪ್ರಾಯ. ತೆಲಂಗಾಣದಲ್ಲಿ ಜೈಲು ಇಲಾಖೆಯವರು ಪೆಟ್ರೋಲ್ ಬಂಕುಗಳನ್ನು ನಡೆಸಿ ಬಿಡುಗಡೆಯಾದವರಿಗೂ ಅಲ್ಲಿ ಕೆಲಸ ಕೊಟ್ಟಿದ್ದಾರೆ. ದೆಹಲಿಯ ತಿಹಾರ್ ಜೈಲಿಗೆ 2011ರಲ್ಲಿ ಕಂಪನಿಗಳವರೇ ಬಂದು, ಹೊರಗೆ ಹೋಗಲಿರುವವರನ್ನು ಮಾತಾಡಿಸಿ ಕೆಲಸಕ್ಕೆ ಆರಿಸಿಕೊಂಡರು. ಪೆಟ್ರೋಲ್ ಬಂಕಿನಲ್ಲಿ ದಿನವೂ ದುಡ್ಡಿನ ಕೆಲಸ ಅಲ್ಲವೇ? ನಾವು ಸ್ಲೇಟಿನ ಬೀರುವಿಗೆ ಹೆದರಿದೆವು.

ಹೋದ ತಿಂಗಳು ಈ ಮಾತು ತೆಗೆದಾಗ ನಿಮ್ಮಲ್ಲೊಬ್ಬ ಅಜ್ಜಿ ಎದ್ದು ನಿಂತು ಕೇಳಿದರು. “ಕೆಲಸ ಕೊಡಿ ಅಂತೀರಿ. ಸತ್ತ ಹುಡುಗ ಬತ್ತಾನಾ? ಅವನ ತಾಯಿ ಹೊಟ್ಟೆ ಉರಿ ಯಾರು ಕೇಳೋರು?”

ನಮಗೆ ಅವತ್ತು ಉತ್ತರ ಬರಲಿಲ್ಲ. ಈಗಲೂ ಪೂರ್ತಿ ಉತ್ತರ ಇಲ್ಲ. ಆ ತಾಯಿ ಪಕ್ಕದ ಊರಲ್ಲೇ ಇದ್ದಾರೆ. ಅವರು ಕ್ಷಮಿಸಬೇಕು ಅಂತ ಹೇಳುವ ಅಧಿಕಾರ ನಮಗಿಲ್ಲ, ಯಾರಿಗೂ ಇಲ್ಲ. ಇವರಿಗೆ ಕೆಲಸ ಕೊಡದೇ ಹೋದರೆ ಆ ತಾಯಿಗೆ ಏನಾದರೂ ಸಿಗುತ್ತದೆಯೇ, ಅಷ್ಟು ಮಾತ್ರ ನಾವು ಕೇಳಬಹುದು. 1998ರ ತೀರ್ಪು ಅಂದೆವಲ್ಲ, ಅದರಲ್ಲಿ ಇನ್ನೊಂದು ಮಾತೂ ಇದೆ. ಕೈದಿ ದುಡಿದ ಕೂಲಿಯಲ್ಲಿ ಒಂದು ಪಾಲು ಅವನಿಂದ ನೊಂದವರಿಗೆ ಹೋಗುವ ಹಾಗೆ ಕಾನೂನು ಮಾಡುವ ಬಗ್ಗೆ ಯೋಚಿಸಿ ಅಂತ ಸರ್ಕಾರಗಳಿಗೆ ಹೇಳಿದೆ. ನೊಂದವರಿಗೆ ಕೊಡಬೇಕಾದರೂ ಅವನ ಕೈಗೆ ದುಡಿಮೆ ಬೇಕು. ನಮ್ಮ ಅಣ್ಣ ಆ ಊರಿನ ದಾರಿಯಲ್ಲಿ ಹೋಗೋದಿಲ್ಲ. ಸುತ್ತುಬಳಸಿ ಸಂತೆಗೆ ಹೋಗುತ್ತಾರೆ. “ಆ ಅವ್ವನ ಕಣ್ಣಿಗೆ ಬೀಳಬಾರ್ದು ಮೇಷ್ಟ್ರೇ” ಅನ್ನುತ್ತಾರೆ. ಅವರಿಗೆ ಶಿಕ್ಷೆ ಮುಗಿದಿದೆ ಅಂತ ನಾವು ಅಂದುಕೊಂಡರೂ ಅವರು ಅಂದುಕೊಂಡಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಕೇಳಿದಿರಿ. ಮತ್ತೆ ತಪ್ಪು ಮಾಡೋದಿಲ್ಲ ಅಂತ ಏನು ಗ್ಯಾರಂಟಿ? ಗ್ಯಾರಂಟಿ ಇಲ್ಲ. ನಮ್ಮ ನಿಮ್ಮ ಬಗ್ಗೆಯೂ ಇಲ್ಲ. ಭಯ ಇದ್ದರೆ ಚಿಕ್ಕ ಕೆಲಸದಿಂದ ಶುರು ಮಾಡಿ. ನಿಮ್ಮ ಕಣ್ಣ ಮುಂದೆ ಮಾಡಿಸಿ. ಹದಿನೈದು ದಿನ ನೋಡಿ. ಕೊಡಲಿಕ್ಕಾಗದಿದ್ದರೆ ಇಲ್ಲ ಅಂತ ನೇರ ಹೇಳಿಬಿಡಿ, ನಾಳೆ ಬಾ ಅನ್ನಬೇಡಿ. ಊರಲ್ಲಿ ಒಂದು ಕೋಳಿ ಕಳೆದರೂ ಮೊದಲು ಅವರ ಮನೆ ಕಡೆ ಕೈ ತೋರಿಸಬೇಡಿ. ಇದು ನಡೆದಿದೆ. ಅವರನ್ನು ಠಾಣೆಗೆ ಕರೆಸಿ ಒಂದು ದಿನ ಕೂರಿಸಿದ್ದರು. ಆಮೇಲೆ ಕೋಳಿ ಹಿತ್ತಲಲ್ಲೇ ಸಿಕ್ಕಿತು.

ಹೀಗೆ ಸುಮ್ಮನೆ ಕರೆಸಿ ಕೂರಿಸಿದರೆ ಏನು ಮಾಡಬೇಕು? ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಅಂತ ಕಚೇರಿ ಇದೆ. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. 15100 ನಂಬರಿಗೆ ಫೋನು ಮಾಡಿದರೂ ಆಗುತ್ತದೆ. ಈ ನಂಬರು ಬರೆದುಕೊಳ್ಳಿ. ಒಂದು, ಐದು, ಒಂದು, ಸೊನ್ನೆ, ಸೊನ್ನೆ. ರೇಷನ್ ಕಾರ್ಡಿನಲ್ಲಿ ಹೆಸರು ಬಿಟ್ಟು ಹೋಗಿದ್ದರೂ ಅದನ್ನು ಸೇರಿಸಲು ಅರ್ಜಿ ಹಾಕಬೇಕು. ನಮ್ಮ ಅಣ್ಣನ ಹೆಸರು ಬಿಟ್ಟು ಹೋಗಿತ್ತು. ಅರ್ಜಿ ಅವರೇ ಬರೆದರು. ನಾವು ಜತೆಗೆ ಹೋದೆವು ಅಷ್ಟೇ.

ಅವರು ಬೆಂಗಳೂರಿನಿಂದ ವಾಪಸು ಬಂದ ಸುದ್ದಿ ಕೇಳಿ ನಾವು ಮನೆಗೆ ಹೋದೆವು. ಬೀಗದ ಕೈ ತೆಗೆದುಕೊಂಡೇ ಹೋದೆವು. ತಪ್ಪಾಯಿತು ಅಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬೀಗದ ಕೈ ಮುಟ್ಟಲಿಲ್ಲ. “ಈಗ ಬೇಡ ಮೇಷ್ಟ್ರೇ. ಮೊದ್ಲು ಒಂದು ಕೆಲ್ಸ ಕೊಡಿ, ಬೀಗದ ಕೈ ಆಮೇಲೆ” ಅಂದರು. ಈ ಬೀರುವಿನ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಮುಚ್ಚುತ್ತಿರಲಿಲ್ಲ, ನೆನಪಿದೆಯೇ? ಅದನ್ನು ಸರಿ ಮಾಡಿದವರು ಅವರೇ. ನಾವು ಮೂವರೂ ಸೇರಿ ಕೂಲಿ ಕೊಟ್ಟೆವು, ಪೇಟೆಯ ದರವನ್ನೇ ಕೊಟ್ಟೆವು. ಅದನ್ನು ನೋಡಿ ಶಾಲೆಯ ಹೆಡ್ ಮೇಷ್ಟ್ರು ಮುರಿದ ಎರಡು ಬೆಂಚು ಕೊಟ್ಟರು. ಅದಾದ ಮೇಲೆ ಇನ್ನೂ ಒಂಬತ್ತು ಬೆಂಚು. ಆಲೆಮನೆ ಯಜಮಾನರೂ ಮೊನ್ನೆ ಅಚ್ಚಿನ ಹಲಗೆ ಸರಿ ಮಾಡಿಸಿಕೊಂಡರು. ಹತ್ತನೇ ಸಲ ಅವರು ಹೋಗಲಿಲ್ಲ, ಯಜಮಾನರೇ ಹೇಳಿ ಕಳಿಸಿದರು.

ಈಗ ಅವರ ಮನೆ ಮುಂದೆ ಒಂದು ಬೋರ್ಡು ಇದೆ. ತಮ್ಮ ಕೈಯಾರೆ ಬರೆದದ್ದು. ‘ಇಲ್ಲಿ ಮರಕೆಲಸ ಮಾಡಿ ಕೊಡುತೇವೆ’ ಅಂತ ಇದೆ. ಎರಡು ತಪ್ಪು ಇದೆ. ನಿಮ್ಮಲ್ಲಿ ಯಾರಿಗೆ ಗೊತ್ತಾಯಿತು? ನಾಳೆ ಸ್ಲೇಟಿನ ಮೇಲೆ ಸರಿಯಾಗಿ ಬರೆದು ತೋರಿಸಿ. ನಾವು ಅವರಿಗೆ ಹೇಳಲು ಹೋಗಿದ್ದೆವು. ಬಣ್ಣ ಇನ್ನೂ ಹಸಿ ಇತ್ತು, ಅವರು ದೂರ ನಿಂತು ಅದನ್ನೇ ನೋಡುತ್ತಿದ್ದರು. ಹಾಗೇ ವಾಪಸು ಬಂದೆವು.

ಮಳೆ ಹಿಡಿಯುವ ಮುಂಚೆ ಯಾರ ಮನೆಯಲ್ಲಿ ಬಾಗಿಲು, ಕಿಟಕಿ, ಮಂಚದ ಕಾಲು, ನೇಗಿಲು ಸರಿ ಮಾಡಿಸುವುದಿದೆಯೋ ಅವರು ಈ ವಾರದಲ್ಲೇ ಹೇಳಿ. ಬರುವ ಸೋಮವಾರದಿಂದ ಅವರಿಗೆ ಬಿಡುವಿಲ್ಲ. ಪಕ್ಕದ ಹೋಬಳಿಯ ಶಾಲೆಯಿಂದ ಮೂವತ್ತು ಬೆಂಚಿನ ಕೆಲಸ ಬಂದಿದೆ. ಅದಕ್ಕೆ ಅವರಿಗೇ ಇಬ್ಬರು ಆಳು ಬೇಕಂತೆ. ಯಾರಾದರೂ ಇದ್ದರೆ ಕಳಿಸಿ ಅಂದಿದ್ದಾರೆ.